ಅಪರೂಪದ ವಂಶವ್ಯಾಧಿಯೂ ಕುಟುಂಬಗಳ ಸಂಘಟನೆಯೂ

ಸುತ್ತಮುತ್ತ ಯಾರಿಗೂ ಇಲ್ಲದ ರೋಗವೊಂದು ಒಂದು ಮನೆಯಲ್ಲಿ ತಲೆದೋರಿದರೆ, ಆ ಮನೆಯವರಿಗೆ ರೋಗದಷ್ಟೇ ಭಾರವಾಗುವುದು ಒಂಟಿತನ. ನೆರೆಯವರು ಅದರ ಹೆಸರನ್ನೇ ಕೇಳಿರುವುದಿಲ್ಲ. ವೈದ್ಯರಿಗೂ ಅದನ್ನು ಕಂಡ ಅನುಭವ ಕಡಮೆ. ಹಂಟಿಂಗ್‌ಟನ್ ರೋಗವು ಇಂಥವುಗಳಲ್ಲೊಂದು. ಅಮೆರಿಕದ ವೈದ್ಯ ಜಾರ್ಜ್ ಹಂಟಿಂಗ್‌ಟನ್ 1872ರಲ್ಲಿ ಇದನ್ನು ಸ್ಪಷ್ಟವಾಗಿ ವರ್ಣಿಸಿದರು. ಸಾಮಾನ್ಯವಾಗಿ ನಡುವಯಸ್ಸಿನಲ್ಲಿ ರೋಗಿಯ ಕೈಕಾಲುಗಳು ಹಿಡಿತಕ್ಕೆ ಸಿಗದೆ ಚಲಿಸತೊಡಗುತ್ತವೆ. ಕ್ರಮೇಣ ಬುದ್ಧಿಶಕ್ತಿಯೂ ಕುಂದುತ್ತದೆ. ಆ ವೇಳೆಗೆ ಅನೇಕರಿಗೆ ಮಕ್ಕಳಾಗಿರುತ್ತವೆ. ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವವು ಅರ್ಧದಷ್ಟು. ನಾಣ್ಯವನ್ನು ಚಿಮ್ಮಿ ನೋಡಿದಂತೆಯೇ ಸರಿ.

ಅಮೆರಿಕದ ಜನಪದ ಗಾಯಕ ವುಡಿ ಗಥ್ರಿ ಈ ರೋಗದಿಂದ 1967ರಲ್ಲಿ ತೀರಿಕೊಂಡರು. ಅವರ ಪತ್ನಿಯಾಗಿದ್ದ ನರ್ತಕಿ ಮಾರ್ಜರಿ ಗಥ್ರಿ ಅದೇ ವರ್ಷ, ಚದುರಿಹೋಗಿದ್ದ ಇಂಥ ಕುಟುಂಬಗಳನ್ನು ಒಂದುಗೂಡಿಸುವ ಸಮಿತಿಯನ್ನು ಸ್ಥಾಪಿಸಿದರು. ರೋಗಿಯ ಆರೈಕೆಯಲ್ಲಿ ಪರಸ್ಪರ ನೆರವಾಗುವುದು, ವೈದ್ಯರಿಗೆ ರೋಗದ ಪರಿಚಯ ಮಾಡಿಕೊಡುವುದು, ಸಂಶೋಧನೆಯ ಕಡೆಗೆ ಸರ್ಕಾರದ ಗಮನವನ್ನು ಸೆಳೆಯುವುದು—ಇವು ಅದರ ಕಾರ್ಯಗಳಾದುವು.

ಇಂಥ ಸಂಘಟನೆಯಿಂದ ವಿಜ್ಞಾನಕ್ಕೂ ಮಹೋಪಕಾರವುಂಟು. ವಂಶವ್ಯಾಧಿಯ ಮೂಲವನ್ನು ಅರಸಬೇಕಾದರೆ, ಒಂದೇ ವಂಶದ ರೋಗಿಗಳ ಮತ್ತು ಆರೋಗ್ಯವಂತರ ರಕ್ತವನ್ನು ಹೋಲಿಸಿ ನೋಡಬೇಕು; ಇದು ಒಬ್ಬಿಬ್ಬರಿಂದ ಆಗುವ ಕೆಲಸವಲ್ಲ. ತಾಯಿಗೆ ಈ ರೋಗವಿದ್ದ ನ್ಯಾನ್ಸಿ ವೆಕ್ಸ್‌ಲರ್ ಎಂಬ ವಿದುಷಿಯ ತಂದೆ 1968ರಲ್ಲಿ ಒಂದು ಪ್ರತಿಷ್ಠಾನವನ್ನು ಆರಂಭಿಸಿದ್ದರು. ರೋಗವು ವಿಶೇಷವಾಗಿ ಕಾಣುತ್ತಿದ್ದ ವೆನಿಜುವೆಲ ದೇಶದ ಮರಕಾಯ್ಬೊ ಸರೋವರದ ದಡದ ಹಳ್ಳಿಗಳಿಗೆ ನ್ಯಾನ್ಸಿ 1979ರಲ್ಲಿ ಹೋದರು. ತಮ್ಮ ಮನೆಯೂ ಇದೇ ರೋಗಕ್ಕೆ ಸಿಕ್ಕಿದೆಯೆಂದು ತಿಳಿಸಿ ಹಳ್ಳಿಗರ ವಿಶ್ವಾಸವನ್ನು ಗಳಿಸಿದರು. ಅಲ್ಲಿನವರು ಕೊಟ್ಟ ರಕ್ತದ ನೆರವಿನಿಂದ, ದೋಷವು 4ನೆಯ ಕ್ರೋಮೊಸೋಮಿನಲ್ಲಿದೆಯೆಂದು 1983ರಲ್ಲಿ ತಿಳಿದುಬಂದಿತು. 1993ರಲ್ಲಿ ವಂಶವಾಹಿಯೇ ಸಿಕ್ಕಿತು. ಅದರ ಬರಹದಲ್ಲಿ ಸಿ, ಎ, ಜಿ ಎಂಬ ಮೂರು ರಾಸಾಯನಿಕ ಅಕ್ಷರಗಳ ಗುಂಪು ಎಲ್ಲರಲ್ಲೂ ಮತ್ತೆಮತ್ತೆ ಬರುತ್ತದೆ. 40 ಅಥವಾ ಅದಕ್ಕೂ ಹೆಚ್ಚು ಸಲ ಬಂದವರಲ್ಲಿ ರೋಗವು ಕಾಣಿಸಿಕೊಳ್ಳುತ್ತದೆ.

ಈಗ ರಕ್ತಪರೀಕ್ಷೆಯಿಂದ ಭವಿಷ್ಯವನ್ನು ಮೊದಲೇ ಅರಿಯಬಹುದು. ಆದರೆ ರೋಗವನ್ನು ಗುಣಪಡಿಸುವ ಔಷಧವು ಇನ್ನೂ ಬಳಕೆಗೆ ಬಂದಿಲ್ಲ. ಹಾಗಿರುವಾಗ ಪರೀಕ್ಷೆ ಮಾಡಿಸಿಕೊಳ್ಳಬೇಕೆ, ಬೇಡವೆ? ಯಂತ್ರವು ಇದಕ್ಕೆ ಉತ್ತರ ಹೇಳಲಾರದು. ಇದೇ ಪ್ರಶ್ನೆಯನ್ನು ಎದುರಿಸಿದ ಮತ್ತೊಂದು ಮನೆಯವರ ಮಾತು ಆಗ ದಾರಿದೀಪವಾಗಬಲ್ಲುದು. ತಮಗೂ ಈ ರೋಗವಿದೆಯೆಂದು ನ್ಯಾನ್ಸಿ 2020ರಲ್ಲಿ ಬಹಿರಂಗವಾಗಿ ತಿಳಿಸಿದರು. ಮುಚ್ಚಿಡದೆ ಹೇಳುವ ಈ ಧೈರ್ಯವೇ ಇಂಥ ಸಂಘಗಳ ಬಂಡವಾಳ.