ಮಣ್ಣುದಾರಿಯಲ್ಲಿ ಸೈಕಲ್: ಮಹಿಳೆಯರ ಎರಡು ದಿನದ ಶಿಬಿರದಲ್ಲಿ ಏನು ಕಲಿಸುತ್ತಾರೆ?

ಡಿಸೆಂಬರ್‌ನ ಒಂದು ಶನಿವಾರ, ಭಾನುವಾರ ನಾನು ಮಹಿಳೆಯರಿಗಾಗಿಯೇ ನಡೆದ ಮೌಂಟೇನ್ ಬೈಕಿಂಗ್ ತರಬೇತಿ ಶಿಬಿರಕ್ಕೆ ಹೋಗಿದ್ದೆ. ಕನಕಪುರ ರಸ್ತೆಯ ಆಚೆ ಒಂದು ಖಾಸಗಿ ತೋಟ. ಒಟ್ಟು ಹದಿನಾಲ್ಕು ಜನ, ಒಂದು ರಾತ್ರಿ ಟೆಂಟಿನಲ್ಲಿ ವಾಸ. ಸೋಮವಾರ ಕಾಲೇಜಿಗೆ ಬಂದಾಗ ಗೆಳತಿಯರು ಕೇಳಿದ ಮೊದಲ ಪ್ರಶ್ನೆ "ಬಿದ್ದೆಯಾ?" ಎಂದು. ಎರಡನೆಯದು "ಮನೆಯಲ್ಲಿ ಹೇಗೆ ಬಿಟ್ಟರು?" ಎಂದು. ಈ ಎರಡಕ್ಕೂ ಉತ್ತರ ಬರೆದರೆ ಇಂಥ ಶಿಬಿರ ಎಂದರೇನು ಎಂಬುದು ಬಹುಪಾಲು ಹೇಳಿದಂತಾಗುತ್ತದೆ.

ಇದು ಮೋಟಾರ್ ಸೈಕಲ್ ಅಲ್ಲ

"ಮೌಂಟೇನ್ ಬೈಕ್" ಎಂದು ನಾನು ಹೇಳಿದಾಗ ಅಬ್ಬಾ ಮೋಟಾರ್ ಸೈಕಲ್ ಎಂದುಕೊಂಡು ಅರ್ಧ ಗಂಟೆ ಬೈದರು. ಬೆಂಗಳೂರಿನಲ್ಲಿ ಬೈಕ್ ಎಂದರೆ ಪೆಟ್ರೋಲಿನ ಗಾಡಿಯೇ. ಇಲ್ಲಿ ಹೇಳುತ್ತಿರುವುದು ಪೆಡಲ್ ತುಳಿಯುವ ಸೈಕಲ್. ಎಂಟಿಬಿ ಎಂದು ಚಿಕ್ಕದಾಗಿ ಕರೆಯುತ್ತಾರೆ. ಕಲ್ಲು, ಬೇರು, ಮಣ್ಣು, ಇಳಿಜಾರು ಇರುವ ದಾರಿಗಾಗಿ ಮಾಡಿದ್ದು. ಟೈರು ದಪ್ಪ, ಅದರ ಮೇಲೆ ಗುಬುಟುಗಳಿರುತ್ತವೆ. ಮುಂದಿನ ಫೋರ್ಕಿನಲ್ಲಿ ಸ್ಪ್ರಿಂಗು ಅಥವಾ ಗಾಳಿಯ ಸಸ್ಪೆನ್ಷನ್ ಇರುತ್ತದೆ. ಹ್ಯಾಂಡಲ್ ಅಗಲ.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಬೆಟ್ಟದಿಂದ ಇಳಿಸುತ್ತಾ ಈ ಆಟವನ್ನು ಬೆಳೆಸಿದರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ ಇದು ಸೇರಿತು, ಮೊದಲ ಸಲವೇ ಪುರುಷರಿಗೂ ಮಹಿಳೆಯರಿಗೂ ಸ್ಪರ್ಧೆ ಇತ್ತು. ನಮ್ಮ ರಾಜ್ಯದ ಗದಗದಲ್ಲಿಯೂ ರಾಷ್ಟ್ರೀಯ ಮೌಂಟೇನ್ ಬೈಕ್ ಚಾಂಪಿಯನ್‌ಶಿಪ್ ನಡೆದಿದೆ.

ದಕ್ಷಿಣ ಬೆಂಗಳೂರಿನಲ್ಲಿ ಮಣ್ಣುದಾರಿಯ ಸೈಕಲ್ ಎಂದರೆ ಎಲ್ಲರೂ ಹೇಳುವ ಹೆಸರು ತುರಹಳ್ಳಿ ಕಾಡು. ಬನಶಂಕರಿ 6ನೇ ಹಂತದ ಕಡೆಗಿರುವ ಈ ಕಾಡಿನ ಬಂಡೆ, ಕಾಲುದಾರಿಗಳಲ್ಲಿ ಬಹಳ ಸವಾರರು ಕಲಿತಿದ್ದಾರೆ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆ ಬಂದಾಗ ಸುತ್ತಲಿನ ನಿವಾಸಿಗಳ ಜೊತೆ ಸೈಕಲ್ ಸವಾರರೂ ನಿಂತು ವಿರೋಧಿಸಿದರು, ಯೋಜನೆ ನಿಂತಿತು. ಆದರೆ ಅದು ಅರಣ್ಯ ಇಲಾಖೆಯ ಜಾಗ, ಚಿರತೆಯೂ ಕಾಣಿಸಿಕೊಂಡಿದೆ. ಅಲ್ಲಿಗೆ ಹೋಗುವ ಮೊದಲು ಇಲಾಖೆಯವರನ್ನು ಕೇಳಿಯೇ ಹೋಗಬೇಕು, ಒಬ್ಬರೇ ಹೋಗಬಾರದು.

ಅಬ್ಬಾನ ಮೂರು ಪ್ರಶ್ನೆ

ಅದು ಸೈಕಲ್ ಎಂದು ಗೊತ್ತಾದ ಮೇಲೆ ಅಬ್ಬಾ ಮೂರು ಪ್ರಶ್ನೆ ಕೇಳಿದರು. ರಾತ್ರಿ ಎಲ್ಲಿ ಮಲಗುತ್ತೀರಿ? ಯಾರು ಯಾರು ಇರುತ್ತಾರೆ? ಪೆಟ್ಟಾದರೆ ಏನು ಮಾಡುತ್ತಾರೆ? ಆಗ ನನಗೆ ಅಳು ಬಂದಿತ್ತು, ಬೇಡ ಎನ್ನಲು ನೆಪ ಹುಡುಕುತ್ತಿದ್ದಾರೆ ಎನಿಸಿತ್ತು. ಈಗ ಅನಿಸುವುದು ಬೇರೆ. ಯಾವ ಶಿಬಿರಕ್ಕಾದರೂ ಹೋಗುವ ಮೊದಲು ನಾವೇ ಕೇಳಬೇಕಾದ ಪ್ರಶ್ನೆಗಳು ಇವೇ. ಆಯೋಜಕರಿಗೆ ಫೋನ್ ಮಾಡಿ, ಸ್ಪೀಕರ್‌ನಲ್ಲಿ ಅಬ್ಬಾ, ಅಮ್ಮಿ ಇಬ್ಬರಿಗೂ ಕೇಳುವ ಹಾಗೆ ಎಲ್ಲವನ್ನೂ ವಿಚಾರಿಸಿದೆ.

ಜಾಗ ಖಾಸಗಿಯದೋ ಅರಣ್ಯದ್ದೋ? ಅರಣ್ಯದ್ದಾದರೆ ಅನುಮತಿ ಪತ್ರ ಇದೆಯೋ? ಕನಕಪುರ, ಬನ್ನೇರುಘಟ್ಟದ ಕಡೆ ಆನೆಗಳ ಓಡಾಟವಿದೆ, ಆದ್ದರಿಂದ ಇದು ಸುಮ್ಮನೆ ಕೇಳುವ ಪ್ರಶ್ನೆಯಲ್ಲ. ಶೌಚಾಲಯಕ್ಕೆ ಬಾಗಿಲು, ಚಿಲಕ, ನೀರು ಇದೆಯೋ? ತರಬೇತಿ ಕೊಡುವವರು ಮಹಿಳೆಯರೋ? ಅಡುಗೆಯವರು, ಕಾವಲಿನವರು ಯಾರು, ಅವರು ರಾತ್ರಿ ಎಲ್ಲಿರುತ್ತಾರೆ? ಪ್ರಥಮ ಚಿಕಿತ್ಸೆ ಗೊತ್ತಿರುವವರು ಎಷ್ಟು ಜನ? ಹತ್ತಿರದ ಆಸ್ಪತ್ರೆ ಎಷ್ಟು ದೂರ, ಗಾಡಿ ಸ್ಥಳದಲ್ಲೇ ಇರುತ್ತದೆಯೋ? ಮೊಬೈಲ್ ಸಿಗ್ನಲ್ ಸಿಗುತ್ತದೆಯೋ?

ಪ್ರತಿಯೊಂದಕ್ಕೂ ನೇರ ಉತ್ತರ ಬಂತು. "ಎಲ್ಲಾ ಇರುತ್ತೆ, ಚಿಂತೆ ಮಾಡಬೇಡಿ" ಎನ್ನುವವರನ್ನು ನಂಬಬೇಡಿ. ಅಮ್ಮಿ ಒಂದು ಷರತ್ತು ಹಾಕಿದರು, ಇಶಾ ನಮಾಜಿನ ನಂತರ ಒಂದು ಫೋನ್. ನನ್ನ ಜೊತೆ ಬರಬೇಕಿದ್ದ ಗೆಳತಿಗೆ ಮನೆಯಲ್ಲಿ ಒಪ್ಪಿಗೆ ಸಿಗಲಿಲ್ಲ. ಅವಳು ಕೇಳಿದ್ದು ಹೊರಡುವ ಹಿಂದಿನ ದಿನ. ಮೂರು ವಾರ ಮೊದಲೇ ಕೇಳಿದ್ದರೆ ಏನಾಗುತ್ತಿತ್ತೋ ಎಂದು ಇಬ್ಬರೂ ಮಾತಾಡಿಕೊಳ್ಳುತ್ತೇವೆ.

ಮೊದಲ ದಿನ: ಮೈದಾನ

ನೇರ ಬೆಟ್ಟಕ್ಕೆ ಕರೆದೊಯ್ಯುತ್ತಾರೆ ಎಂದುಕೊಂಡಿದ್ದೆ. ಮಧ್ಯಾಹ್ನದವರೆಗೆ ಒಂದು ಸಮತಟ್ಟಾದ ಬಯಲನ್ನು ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ಮೊದಲು ಸೈಕಲ್ ತಪಾಸಣೆ: ಗಾಳಿ, ಬ್ರೇಕ್, ಚೈನು. ಕಚ್ಚಾ ದಾರಿಯಲ್ಲಿ ಟೈರಿಗೆ ಗಾಳಿ ಕಡಿಮೆ ಇರಬೇಕು, ಸುಮಾರು 30 ಪಿಎಸ್‌ಐ. ರಸ್ತೆ ರೇಸಿನ ತೆಳು ಟೈರಿಗೆ 80ರಿಂದ 100 ಹಾಕುತ್ತಾರೆ. ಗಾಳಿ ಕಡಿಮೆಯಿದ್ದರೆ ಟೈರು ಕಲ್ಲಿನ ಆಕಾರಕ್ಕೆ ಒಗ್ಗಿ ಹಿಡಿತ ಹೆಚ್ಚುತ್ತದೆ. ತೀರಾ ಕಡಿಮೆ ಮಾಡಿದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ಪಂಕ್ಚರ್ ಆಗುತ್ತದೆ.

ಆಮೇಲೆ ನಿಲುವು. ಕಚ್ಚಾ ದಾರಿಯಲ್ಲಿ ಸೀಟಿನ ಮೇಲೆ ಕೂರುವುದಿಲ್ಲ, ಪೆಡಲ್ ಮೇಲೆ ನಿಲ್ಲುತ್ತೇವೆ. ಎರಡೂ ಪೆಡಲ್ ನೆಲಕ್ಕೆ ಸಮಾನ ಎತ್ತರದಲ್ಲಿರಬೇಕು, ಒಂದು ಕೆಳಗಿದ್ದರೆ ಕಲ್ಲಿಗೆ ಬಡಿಯುತ್ತದೆ. ಮೊಣಕಾಲು, ಮೊಣಕೈ ಬಾಗಿರಬೇಕು, ಹಿಮ್ಮಡಿ ಸ್ವಲ್ಪ ಕೆಳಗೆ. ಹೀಗೆ ನಿಂತಾಗ ಉಬ್ಬು ತಗ್ಗು ಬಂದರೆ ಸೈಕಲ್ ಮೇಲೆ ಕೆಳಗೆ ಕುಣಿಯುತ್ತದೆ, ನಮ್ಮ ದೇಹ ಅಷ್ಟಾಗಿ ಅಲುಗುವುದಿಲ್ಲ.

ನೋಟವೂ ಒಂದು ಪಾಠವೇ. ಮುಂದಿನ ಚಕ್ರವನ್ನು ನೋಡುತ್ತಾ ಹೋದರೆ ತಪ್ಪಿಸಬೇಕಾದ ಕಲ್ಲಿಗೇ ಹೋಗಿ ಗುದ್ದುತ್ತೇವೆ. ಹೋಗಬೇಕಾದ ಜಾಗವನ್ನು ಮುಂದಾಗಿಯೇ ನೋಡಬೇಕು. ತಿರುವಿನಲ್ಲಿ ಮೊದಲು ಕಣ್ಣು, ಆಮೇಲೆ ಭುಜ, ಕೊನೆಗೆ ಹ್ಯಾಂಡಲ್.

ಬ್ರೇಕಿನ ಭೌತಶಾಸ್ತ್ರ

ಚಿಕ್ಕವರಿದ್ದಾಗ ನಮಗೆಲ್ಲ ಹೇಳಿಕೊಟ್ಟದ್ದು "ಮುಂದಿನ ಬ್ರೇಕ್ ಒತ್ತಬೇಡ, ಪಲ್ಟಿ ಹೊಡೀತೀಯ" ಎಂದು. ಅದು ಅರ್ಧ ಸತ್ಯ. ಪ್ರಥಮ ಪಿಯು ಭೌತಶಾಸ್ತ್ರದಲ್ಲಿ ಘರ್ಷಣೆ ಓದಿದ್ದೇವೆ: ಚಕ್ರಕ್ಕೆ ಸಿಗುವ ಗರಿಷ್ಠ ಘರ್ಷಣೆ ಆ ಚಕ್ರದ ಮೇಲೆ ನೆಲ ಒತ್ತುವ ಲಂಬ ಬಲವನ್ನು ಅವಲಂಬಿಸುತ್ತದೆ. ಬ್ರೇಕ್ ಹಾಕಿದಾಗ ಭಾರ ಮುಂದಕ್ಕೆ ವಾಲುತ್ತದೆ. ಮುಂದಿನ ಚಕ್ರದ ಹಿಡಿತ ಹೆಚ್ಚುತ್ತದೆ, ಹಿಂದಿನದು ಹಗುರಾಗಿ ಜಾರುತ್ತದೆ. ಹಾಗಾಗಿ ಸೈಕಲ್ ನಿಲ್ಲಿಸುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಮುಂದಿನ ಬ್ರೇಕೇ. ಹಿಂದಿನದೊಂದನ್ನೇ ನಂಬಿದವರು ಇಳಿಜಾರಿನಲ್ಲಿ ಜಾರುತ್ತಾ ಹೋಗುತ್ತಾರೆ.

ಪಲ್ಟಿಯಾಗುವುದು ಮುಂದಿನ ಬ್ರೇಕನ್ನು ಒಮ್ಮೆಲೇ ಗಟ್ಟಿಯಾಗಿ ಹಿಡಿದಾಗ, ಅದೂ ದೇಹ ಮುಂದೆ ವಾಲಿರುವಾಗ. ಪರಿಹಾರ ಇಷ್ಟೇ. ಒಂದೊಂದೇ ಬೆರಳಿನಿಂದ ಎರಡೂ ಬ್ರೇಕನ್ನು ಮೆಲ್ಲಗೆ ಹಿಂಡುವುದು, ಅದೇ ಹೊತ್ತಿಗೆ ಸೊಂಟವನ್ನು ಹಿಂದಕ್ಕೂ ಕೆಳಕ್ಕೂ ತರುವುದು. ಉದುರು ಜಲ್ಲಿಯ ಮೇಲೆ, ತಿರುವಿನ ಮಧ್ಯೆ ಮುಂದಿನ ಚಕ್ರ ಬಿಗಿಯಾಗಿ ನಿಂತರೆ ಜಾರುವುದು ಖಂಡಿತ, ಆದ್ದರಿಂದ ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು. ವೇಗ ಎರಡು ಪಟ್ಟಾದರೆ ಚಲನ ಶಕ್ತಿ ನಾಲ್ಕು ಪಟ್ಟು, ನಿಲ್ಲಲು ಬೇಕಾದ ದೂರವೂ ಸುಮಾರು ನಾಲ್ಕು ಪಟ್ಟು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಸೂತ್ರ ಅಲ್ಲಿ ಕೈಬೆರಳಿಗೆ ಅರ್ಥವಾಯಿತು.

ಬಿದ್ದೆಯಾ?

ಬಿದ್ದೆ, ಎರಡು ಸಲ. ಎರಡೂ ಸಮತಟ್ಟಾದ ಬಯಲಿನಲ್ಲೇ, ನಡೆಯುವಷ್ಟು ನಿಧಾನದಲ್ಲಿ. ಅಂಗೈ ಉಜ್ಜಿದ್ದು ಗ್ಲೌಸಿನಿಂದಾಗಿ ತಪ್ಪಿತು, ಮೊಣಕಾಲು ತರಚಿತು.

ನಿಜವಾದ ಭಯ ಎರಡನೇ ದಿನ ಬಂತು. ಎರಡಾಳು ಎತ್ತರದ ಒಂದು ಬಂಡೆಯ ಇಳಿಜಾರು. ಮೂರು ಸಲ ತುದಿಯವರೆಗೆ ಹೋಗಿ ಮೂರು ಸಲವೂ ಕಾಲೂರಿ ನಿಂತೆ. ತರಬೇತುದಾರರು "ಧೈರ್ಯ ಮಾಡು" ಎನ್ನಲಿಲ್ಲ. ಸೈಕಲ್ ಬದಿಗಿಟ್ಟು ಬಾ ಎಂದು ಇಳಿಜಾರಿನಲ್ಲಿ ನಡೆಸಿದರು. ಚಕ್ರ ಎಲ್ಲಿ ಹೋಗಬೇಕು, ಬ್ರೇಕ್ ಎಲ್ಲಿ ಬಿಡಬೇಕು, ಎಲ್ಲಿ ನಿಲ್ಲಬೇಕು ಎಂದು ತೋರಿಸಿದರು. "ಇವತ್ತು ನಡೆದೇ ಇಳಿದರೂ ಪರವಾಗಿಲ್ಲ, ದೊಡ್ಡ ಸವಾರರೂ ಎಷ್ಟೋ ಕಡೆ ಇಳಿದು ನಡೆಯುತ್ತಾರೆ" ಎಂದರು. ನಾಲ್ಕನೇ ಸಲ ಇಳಿದೆ. ಕೆಳಗೆ ಬಂದಾಗ ಅನಿಸಿದ್ದು, ಇಷ್ಟು ದಿನ ನನಗೆ ಇಲ್ಲ ಎಂದುಕೊಂಡದ್ದು ಧೈರ್ಯವನ್ನು. ನಿಜಕ್ಕೂ ಇಲ್ಲದಿದ್ದದ್ದು ಹೇಳಿಕೊಡುವವರು. ನಮ್ಮ ಗುಂಪಿನ ಒಬ್ಬ ಆಂಟಿ ಅದೇ ಇಳಿಜಾರನ್ನು ನಡೆದೇ ಇಳಿದರು. ಯಾರೂ ನಗಲಿಲ್ಲ.

ಉಡುಪು, ನಮಾಜು, ಟೆಂಟು

ಸಡಿಲ ಸಲ್ವಾರ್, ಬುರ್ಖಾದ ಅಂಚು, ದುಪಟ್ಟಾದ ತುದಿ ಮೂರೂ ಚೈನಿಗೆ ಅಥವಾ ಹಿಂದಿನ ಚಕ್ರದ ಕಡ್ಡಿಗೆ ಸಿಕ್ಕಿಕೊಳ್ಳುತ್ತವೆ. ಇದು ಸಣ್ಣ ವಿಷಯವಲ್ಲ, ಕುತ್ತಿಗೆಗೇ ಅಪಾಯ. ನಾನು ಹಾಕಿದ್ದು ಪಾದದ ಬಳಿ ಇಲಾಸ್ಟಿಕ್ ಇರುವ ಟ್ರ್ಯಾಕ್ ಪ್ಯಾಂಟ್, ಮೊಣಕಾಲಿನವರೆಗಿನ ತುಂಬುತೋಳಿನ ಅಂಗಿ, ತಲೆಗೆ ತೆಳುವಾದ ಹತ್ತಿಯ ಕ್ಯಾಪ್ ಸ್ಕಾರ್ಫ್. ಹೆಲ್ಮೆಟ್ಟಿನ ಕೆಳಗೆ ಪಿನ್ನು ಇರಲೇಬಾರದು, ಬಿದ್ದಾಗ ಅದು ತಲೆಗೆ ಚುಚ್ಚುತ್ತದೆ. ಸ್ಕಾರ್ಫ್ ಹಾಕಿಕೊಂಡೇ ಹೆಲ್ಮೆಟ್ ಅಳತೆ ನೋಡಬೇಕು. ಅದರ ಅಂಚು ಹುಬ್ಬಿನಿಂದ ಎರಡು ಬೆರಳು ಮೇಲಿರಬೇಕು, ತಲೆ ಅಲ್ಲಾಡಿಸಿದರೆ ಅದು ಜಾರಬಾರದು.

ಸೂರ್ಯ ಮುಳುಗುವ ಮೊದಲೇ ಸವಾರಿ ನಿಲ್ಲಿಸಿದರು, ಹಾಗಾಗಿ ಮಗ್ರಿಬ್‌ಗೆ ಹೊತ್ತು ಸಿಕ್ಕಿತು. ಬೆಂಗಳೂರಿನಿಂದ ಕಿಬ್ಲಾ ಇರುವುದು ನೇರ ಪಶ್ಚಿಮಕ್ಕಲ್ಲ, ಅಲ್ಲಿಂದ ಸುಮಾರು 18 ಡಿಗ್ರಿ ಉತ್ತರಕ್ಕೆ. ಸೂರ್ಯ ಮುಳುಗಿದ ಕಡೆಗಷ್ಟೇ ನೋಡದೆ ದಿಕ್ಸೂಚಿ ನೋಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಡಿಸೆಂಬರ್‌ನಲ್ಲಿ ಸೂರ್ಯ ಪಶ್ಚಿಮದಿಂದ ದಕ್ಷಿಣಕ್ಕೆ ಸರಿದು ಮುಳುಗುತ್ತಾನೆ. ಊಟ ಸಸ್ಯಾಹಾರ ಎಂದು ಮೊದಲೇ ಹೇಳಿದ್ದರು: ಮುದ್ದೆ, ಸೊಪ್ಪಿನ ಸಾರು, ಅನ್ನ.

ಟೆಂಟನ್ನು ತಗ್ಗಿನಲ್ಲಿ, ಒಣಗಿದ ಹಳ್ಳದಲ್ಲಿ ಹಾಕಬಾರದು, ರಾತ್ರಿ ಮಳೆ ಬಂದರೆ ನೀರು ನುಗ್ಗುತ್ತದೆ. ಜಿಪ್ ಯಾವಾಗಲೂ ಮುಚ್ಚಿರಬೇಕು. ಬೆಳಿಗ್ಗೆ ಶೂ ಕೊಡವಿಯೇ ಕಾಲು ಹಾಕಬೇಕು, ಒಳಗೆ ಚೇಳಿರಬಹುದು. ತಂದ ಪ್ಲಾಸ್ಟಿಕ್ ಎಲ್ಲ ವಾಪಸು ಒಯ್ಯಬೇಕು. ಫಜ್ರ್‌ಗೆ ಎದ್ದಾಗ ಹುಲ್ಲೆಲ್ಲ ಇಬ್ಬನಿ, ವುಜೂ ಮಾಡುವಾಗ ಕೈ ಮರಗಟ್ಟಿತು.

ಮಹಿಳೆಯರಿಗೇ ಬೇರೆ ಶಿಬಿರ ಏಕೆ?

ಒಬ್ಬ ಸಹಪಾಠಿ ಇದನ್ನು ಕೇಳಿದ. ಉತ್ತರ ನಮ್ಮ ಮನೆಯ ಮೆಟ್ಟಿಲ ಕೆಳಗಿತ್ತು. ಕರ್ನಾಟಕ ಸರ್ಕಾರ 2006-07ರಿಂದ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದಿತ್ತು. ಅದರಲ್ಲಿ ನನ್ನ ಆಪಾಗೂ ಒಂದು ಸಿಕ್ಕಿತ್ತು. ಎರಡು ವರ್ಷ ತುಳಿದಳು. ಹತ್ತನೇ ತರಗತಿ ಮುಗಿದ ಮೇಲೆ ಸೈಕಲ್ ಮೆಟ್ಟಿಲ ಕೆಳಗೆ ಸೇರಿತು. ಯಾರೂ ಬೇಡ ಎನ್ನಲಿಲ್ಲ, ಯಾರೂ ತುಳಿ ಎನ್ನಲೂ ಇಲ್ಲ. ಹುಡುಗರು ಬೀದಿಯಲ್ಲಿ ಬಿದ್ದು ಎದ್ದು ಕಲಿಯುವ ವಯಸ್ಸಿಗೆ ನಾವು ಸೈಕಲ್ ಬಿಟ್ಟಿರುತ್ತೇವೆ. ಜನ ನೋಡುತ್ತಿರುವಾಗ ಬೀಳಲು ನಮಗೆ ಮುಜುಗರ. ಬೀಳದೆ ಇದನ್ನು ಕಲಿಯಲಾಗುವುದಿಲ್ಲ. ಅದಕ್ಕೇ ಬೇರೆ ಜಾಗ.

ರಸ್ತೆಯೂ ಅಷ್ಟು ಸಹಾಯ ಮಾಡುವುದಿಲ್ಲ. 2012ರಲ್ಲಿ ಜಯನಗರದಲ್ಲಿ ಸೈಕಲ್‌ಗೆಂದೇ ಪಥ ಗುರುತಿಸಿದ್ದರು, ಬೇಗನೆ ಅದು ಕಾರು ನಿಲ್ಲಿಸುವ ಜಾಗವಾಯಿತು.

ಮಹಿಳೆಯರು ಒಟ್ಟಾಗಿ ಸೈಕಲ್ ಕಲಿತದ್ದು ಹೊಸತೇನಲ್ಲ. 1990ರ ದಶಕದ ಆರಂಭದಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಸಾಕ್ಷರತಾ ಆಂದೋಲನದಲ್ಲಿ ಹಳ್ಳಿಯ ಸಾವಿರಾರು ಹೆಂಗಸರು ಸೈಕಲ್ ಕಲಿತರು, ಅವರಲ್ಲಿ ಮುಸ್ಲಿಂ ಮಹಿಳೆಯರೂ ಇದ್ದರು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಫ್ಘಾನಿಸ್ತಾನ ಬಿಟ್ಟು ಫ್ರಾನ್ಸಿನಲ್ಲಿ ಆಶ್ರಯ ಪಡೆದಿದ್ದ ಮಸೂಮಾ ಅಲಿ ಜಾದಾ ನಿರಾಶ್ರಿತರ ತಂಡದಿಂದ ಸೈಕಲ್ ಸ್ಪರ್ಧೆಗೆ ಇಳಿದರು, ಹೆಲ್ಮೆಟ್ಟಿನ ಕೆಳಗೆ ತಲೆವಸ್ತ್ರ ಧರಿಸಿ. ಅವರು ಪದಕಕ್ಕೆ ಹತ್ತಿರವೂ ಬರಲಿಲ್ಲ. ಕಾಬೂಲಿನಲ್ಲಿ ಸೈಕಲ್ ತುಳಿದದ್ದಕ್ಕೆ ಕಲ್ಲೇಟು ತಿಂದವರು ಅಲ್ಲಿ ಗೆರೆ ದಾಟಿದ್ದೇ ಸುದ್ದಿಯಾಯಿತು.

ನಾಳೆಯೇ ಮಾಡಬಹುದಾದದ್ದು

ಎಂಟಿಬಿ ದುಬಾರಿ. ಶಿಬಿರದಲ್ಲಿ ನಾನು ತುಳಿದದ್ದು ಬಾಡಿಗೆಯದು. ಆದರೆ ಈ ನಾಲ್ಕು ಅಭ್ಯಾಸಕ್ಕೆ ಯಾವ ಸೈಕಲ್ ಆದರೂ ಸಾಕು, ನಮ್ಮ ಕಾಲೇಜಿನ ಮೈದಾನ ಸಾಕು. ಹೆಲ್ಮೆಟ್ ಮಾತ್ರ ಬೇಕೇ ಬೇಕು.

1. ಎರಡೂ ಪೆಡಲ್ ಸಮ ಇಟ್ಟು, ಸೀಟಿನಿಂದ ಎದ್ದು ನಿಂತು ಇಪ್ಪತ್ತು ಮೀಟರ್ ಉರುಳುವುದು.

2. ಒಂದು ಗೆರೆ ಎಳೆದು, ಎರಡೂ ಬ್ರೇಕನ್ನು ಮೆಲ್ಲಗೆ ಹಿಂಡುತ್ತಾ ಸರಿಯಾಗಿ ಗೆರೆಯ ಮೇಲೆ ನಿಲ್ಲುವುದು.

3. ಆರು ನೀರಿನ ಬಾಟಲಿ ಸಾಲಾಗಿ ಇಟ್ಟು, ಮುಂದಿನ ಬಾಟಲಿ ನೋಡುತ್ತಾ ಹಾವಿನಂತೆ ಸುತ್ತಿ ಬರುವುದು.

4. ಯಾರು ಹೆಚ್ಚು ನಿಧಾನ ಎಂಬ ಪಂದ್ಯ. ಕಾಲೂರಿದವರು ಔಟ್. ಸಮತೋಲನಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ.

ಶಿಬಿರದಿಂದ ಬಂದ ಮೇಲೆ ಆಪಾಳ ಸೈಕಲನ್ನು ಹೊರಗೆ ತೆಗೆದೆವು. ಎರಡೂ ಟ್ಯೂಬು ಹೋಗಿದ್ದವು, ಬ್ರೇಕ್ ರಬ್ಬರು ಕಲ್ಲಾಗಿತ್ತು, ಚೈನಿಗೆ ತುಕ್ಕು. ಗುರಪ್ಪನಪಾಳ್ಯದ ಸೈಕಲ್ ಅಂಗಡಿಯ ಚಾಚಾ ಒಂದು ಮಧ್ಯಾಹ್ನದಲ್ಲಿ ಸರಿ ಮಾಡಿಕೊಟ್ಟರು. ಭಾನುವಾರ ಬೆಳಿಗ್ಗೆ ಗಾಡಿಗಳಿಲ್ಲದ ಹೊತ್ತಿನಲ್ಲಿ ಆಪಾ ನಮ್ಮ ಗಲ್ಲಿಯ ಕೊನೆಯವರೆಗೆ ಹೋಗಿ ಬಂದಳು. ವಾಪಸು ಬಂದವಳು ಮೊದಲು ಕೇಳಿದ್ದು, ಮುಂದಿನ ಶಿಬಿರ ಯಾವಾಗ ಎಂದು. ಈ ಸಲ ಅಬ್ಬಾನ ಮೂರು ಪ್ರಶ್ನೆಗೆ ಉತ್ತರ ನಾವು ಮೊದಲೇ ಬರೆದಿಟ್ಟುಕೊಂಡಿದ್ದೇವೆ.