ಎಡಗೈ ಕಣಗಳೂ ಚೌಕಳಿಯ ಜಗತ್ತೂ

ತಿರುಪುಮೊಳೆಯನ್ನು ಬಲಕ್ಕೆ ತಿರುಗಿಸಿದರೆ ಅದು ಮರದೊಳಗೆ ಮುಂದೆ ಸಾಗುವುದೆಂಬುದನ್ನು ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಇಲೆಕ್ಟ್ರಾನು, ಕ್ವಾರ್ಕು, ನ್ಯೂಟ್ರಿನೊ ಮೊದಲಾದ ಫರ್ಮಿಯಾನ್ ಎಂಬ ಕಣಗಳಿಗೂ ಇಂತಹದೇ ಒಂದು ಗುಣವುಂಟು. ಅತಿವೇಗದಿಂದ ಸಾಗುವಾಗ ಈ ತಿರುಪುಮೊಳೆಯಂತೆ ಭ್ರಮಿಸುವವು ಬಲಗೈ ಕಣಗಳು. ಅದಕ್ಕೆ ವಿರುದ್ಧವಾಗಿ ಭ್ರಮಿಸುವವು ಎಡಗೈ ಕಣಗಳು.

ನಿಸರ್ಗವು ಎರಡನ್ನೂ ಸಮನಾಗಿ ಕಾಣುವುದೆಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು. 1956ರಲ್ಲಿ ಲೀ ಮತ್ತು ಯಾಂಗ್ ಎಂಬ ವಿದ್ವಾಂಸರು ಈ ನಂಬಿಕೆಯನ್ನು ಸಂದೇಹಿಸಿದರು. ಶ್ರೀಮತಿ ವೂ ಅವರು ಕೋಬಾಲ್ಟ್ ಧಾತುವಿನ ಮೇಲೆ ನಡೆಸಿ 1957ರಲ್ಲಿ ಪ್ರಕಟಿಸಿದ ಪ್ರಯೋಗವು ಆ ಸಂದೇಹವನ್ನು ನಿಜಗೊಳಿಸಿತು. ಪರಮಾಣುವಿನ ನಡುವಿನಿಂದ ಇಲೆಕ್ಟ್ರಾನನ್ನು ಹೊರಡಿಸುವ ಕ್ಷೀಣಬಲವು ಕಣಗಳ ಪೈಕಿ ಎಡಗೈಯವನ್ನು ಮಾತ್ರ ಮುಟ್ಟುತ್ತದೆ.

ಇನ್ನು ಲೆಕ್ಕದ ಮಾತು. ಕ್ವಾರ್ಕುಗಳನ್ನು ಬಂಧಿಸಿ ಪ್ರೋಟಾನನ್ನು ಕಟ್ಟುವ ಪ್ರಬಲ ಶಕ್ತಿಯ ಗಣಿತವು ಬಹಳ ಜಟಿಲವಾದುದು. ಆದಕಾರಣ 1974ರಲ್ಲಿ ಅಮೆರಿಕದ ಕೆನ್ನೆತ್ ವಿಲ್ಸನ್ನರು ದೇಶಕಾಲಗಳನ್ನು ಚೌಕಳಿ ಹಾಳೆಯಂತೆ ಬಿಂದುಗಳ ಜಾಲವಾಗಿ ಭಾವಿಸಿದರು. ಮುಂದೆ ಗಣಕಯಂತ್ರಗಳು ಈ ಜಾಲದ ಲೆಕ್ಕವನ್ನು ಕೈಗೊಂಡವು.

ಆದರೆ ಇಲ್ಲೊಂದು ತೊಡಕುಂಟು. ನಿಮ್ಮ ಹಾಳೆಯಲ್ಲಿ 5, 5, 5, 5 ಎಂದು ಬರೆಯಿರಿ. ಅದರ ಕೆಳಗೆ 5, -5, 5, -5 ಎಂದು ಬರೆಯಿರಿ. ಜಾಲದಲ್ಲಿ ಅಲೆಯ ಏರಿಳಿತವನ್ನು ಅಳೆಯುವ ಸಹಜಕ್ರಮವೆಂದರೆ, ಒಂದು ಬಿಂದುವಿನ ಎರಡು ಪಕ್ಕದ ನೆರೆಯವುಗಳನ್ನು ಹೋಲಿಸುವುದು. ಮೊದಲ ಸಾಲು ನಿಶ್ಚಲವಾದುದು, ಎರಡನೆಯದು ಅತಿ ಚಂಚಲವಾದುದು. ಆದರೂ ಎರಡರಲ್ಲಿಯೂ ಆ ನೆರೆಯವುಗಳ ವ್ಯತ್ಯಾಸ ಸೊನ್ನೆಯೇ! ಹೀಗೆ ಜಾಲವು ಒಂದು ಕಣವನ್ನು ಎರಡಾಗಿ ಎಣಿಸುತ್ತದೆ. ಉದ್ದ, ಅಗಲ, ಎತ್ತರ, ಕಾಲ ಎಂಬ ನಾಲ್ಕು ದಿಕ್ಕುಗಳಲ್ಲಿ ಅದು 2×2×2×2, ಅಂದರೆ 16 ಆಗುತ್ತದೆ. ಅವುಗಳಲ್ಲಿ ಎಂಟು ಎಡಗೈಯವು, ಎಂಟು ಬಲಗೈಯವು. ಎಡಗೈಗೆಂದೇ ಮೀಸಲಾದ ನಿಸರ್ಗನಿಯಮವು ಇದರಿಂದ ಕೆಡುತ್ತದೆ.

ಇದು ಲೆಕ್ಕಿಗನ ಅಜಾಗ್ರತೆಯಲ್ಲ. ಆಕಾರಗಳ ಗಣಿತವಾದ ಟೊಪಾಲಜಿಯ ಬಲದಿಂದ ನೀಲ್ಸನ್ ಮತ್ತು ನಿನೊಮಿಯಾ ಎಂಬವರು 1981ರಲ್ಲಿ ಇದರ ಕಾರಣವನ್ನು ಸಾಧಿಸಿ ತೋರಿಸಿದರು. ಜಾಲದ ಅಲೆಗಳನ್ನು ಕ್ರಮವಾಗಿ ಜೋಡಿಸುತ್ತ ಹೋದರೆ ಅವು ವರ್ತುಲದಂತೆ ಮೊದಲಿಗೇ ಮರಳುತ್ತವೆ. ಗುಡ್ಡವನ್ನು ಹತ್ತಿ ಹೊರಟ ಊರಿಗೇ ಮರಳುವವನು ಏರಿದಷ್ಟೂ ಇಳಿಯಲೇಬೇಕಷ್ಟೆ. ಇಲ್ಲಿ ಏರು ಬಲಗೈ ಕಣವಾದರೆ ಇಳಿತವು ಎಡಗೈ ಕಣ. ಜೋಡಿಯಿಲ್ಲದೆ ಒಂದು ಮಾತ್ರ ಇರಲಾರದು.

1992ರಲ್ಲಿ ಡೇವಿಡ್ ಕಪ್ಲಾನರು ಐದನೆಯ ದಿಕ್ಕೊಂದನ್ನು ಕಲ್ಪಿಸಿದರು. ಅದರ ಒಂದು ಗೋಡೆಯ ಬಳಿ ಎಡಗೈ ಕಣ, ದೂರದ ಇನ್ನೊಂದು ಗೋಡೆಯ ಬಳಿ ಬಲಗೈ ಕಣ ನೆಲಸುವುವು. ಗೋಡೆಗಳ ಅಂತರ ಹೆಚ್ಚಿದಷ್ಟೂ ಅವುಗಳ ಬೆರಕೆ ಕಡಿಮೆಯಾಗುವುದು. ಈ ಮಾರ್ಗದಿಂದ ಕ್ವಾರ್ಕುಗಳ ಲೆಕ್ಕ ಇಂದು ಚೆನ್ನಾಗಿ ಸಾಗುತ್ತಿದೆ. ಆದರೆ ಕ್ಷೀಣಬಲವನ್ನು ಜಾಲದ ಮೇಲೆ ಸಂಪೂರ್ಣವಾಗಿ ನೆಲೆಗೊಳಿಸುವ ಸರ್ವಸಮ್ಮತ ಮಾರ್ಗವು ಇನ್ನೂ ದೊರೆತಿಲ್ಲ.

ಚೌಕಳಿಯನ್ನು ಎಳೆದವರು ನಾವು, ನಿಸರ್ಗವಲ್ಲ. ಲೆಕ್ಕದಲ್ಲಿ ಕಂಡುದರಲ್ಲಿ ನಿಸರ್ಗದ್ದೆಷ್ಟು, ನಮ್ಮ ಗೆರೆಗಳದೆಷ್ಟು ಎಂದು ವಿವೇಚಿಸುವುದೇ ವಿಜ್ಞಾನಿಯ ಮೊದಲ ಕರ್ತವ್ಯ. ಉಳಿದ ಮಾರ್ಗವನ್ನು ಹುಡುಕುವ ಭಾಗ್ಯವು ನಿಮ್ಮಲ್ಲೊಬ್ಬರದಾಗಲಿ.