ಮಗುವಿದ್ದಲ್ಲಿಗೆ ಚಿಕಿತ್ಸೆ ಹೋಗಲಿ

ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯಿಂದ ಬಾದಾಮಿಯ ರಸ್ತೆ ಕವಲೊಡೆಯುವ ಊರು ಕುಳಗೇರಿ ಕ್ರಾಸ್. ಸುತ್ತಲಿನ ಹಳ್ಳಿಗಳವರು ಆಸ್ಪತ್ರೆಗೆಂದು ದೂರದ ಊರಿಗೆ ಹೊರಟರೆ ಇಲ್ಲಿಯೇ ಬಸ್ಸಿಗೆ ಕಾಯಬೇಕು. ಕೈಕಾಲು ಸೆಟೆದ ಮಗುವನ್ನು ಟೊಂಕದ ಮೇಲೆ ಹೊತ್ತ ತಾಯಂದಿರನ್ನು ಈ ಭಾಗದಲ್ಲಿ ಏನಾಗಿದೆ ಎಂದು ಕೇಳಿದರೆ, ‘ಪೋಲಿಯೊ ಆಗೈತ್ರಿ’ ಎಂಬ ಉತ್ತರ ಬರುವುದುಂಟು.

ದೇಶದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡುಬಂದದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತಕ್ಕೆ ಪೋಲಿಯೊಮುಕ್ತ ಪ್ರಮಾಣಪತ್ರವೂ ದೊರೆಯಿತು. ಇಂದು ಐದಾರು ವರ್ಷದ ಇಂಥ ಮಗುವಿಗೆ ಇರುವುದು ಬಹುಮಟ್ಟಿಗೆ ಸೆರೆಬ್ರಲ್ ಪಾಲ್ಸಿ. ಕಡತಗಳ ಭಾಷೆಯಲ್ಲಿ ಮಿದುಳಿನ ಪಾರ್ಶ್ವವಾಯು. ಪೋಲಿಯೊದಲ್ಲಿ ಕಾಲು ಬಲಗುಂದಿ ಜೋಲುತ್ತದೆ. ಇಲ್ಲಿ ಹೆಚ್ಚಿನ ಮಕ್ಕಳ ಸ್ನಾಯುಗಳು ಬಿಗಿಯುತ್ತವೆ. ಗರ್ಭದಲ್ಲೋ ಹೆರಿಗೆಯ ಹೊತ್ತಿನಲ್ಲೋ ಶೈಶವದಲ್ಲೋ, ಬೆಳೆಯುತ್ತಿರುವ ಮಿದುಳಿಗೆ ಬಿದ್ದ ಪೆಟ್ಟು ಇದು. ಅವಧಿಗೆ ಮುನ್ನ ಜನನ, ಉಸಿರುಗಟ್ಟುವಿಕೆ, ತೀವ್ರ ಕಾಮಾಲೆ, ಸೋಂಕು ಹೀಗೆ ಕಾರಣಗಳು ಹಲವು. 1860ರ ದಶಕದಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ ಕಷ್ಟದ ಹೆರಿಗೆಯತ್ತ ಬೆರಳು ತೋರಿಸಿದರು. ಮನೋವಿಶ್ಲೇಷಣೆಯಿಂದ ಹೆಸರಾಗುವ ಮೊದಲು ನರರೋಗ ತಜ್ಞರಾಗಿದ್ದ ಫ್ರಾಯ್ಡ್, ಗರ್ಭದಲ್ಲಿಯೇ ಆದ ದೋಷದಿಂದ ಹೆರಿಗೆ ಕಷ್ಟವಾಗಿರಬಹುದಲ್ಲವೇ ಎಂದು 1897ರಲ್ಲಿ ಕೇಳಿದರು. ಇಂದಿನ ವೈದ್ಯಕೀಯ ಎರಡೂ ಸಾಧ್ಯತೆಗಳನ್ನು ಒಪ್ಪುತ್ತದೆ. ಸೊಸೆಯನ್ನು ದೂರುವ ಅತ್ತೆಯಂದಿರಿಗೆ ಇದನ್ನು ಯಾರಾದರೂ ತಿಳಿಸಬೇಕು.

ಮಿದುಳಿಗಾದ ಗಾಯ ದಿನಕಳೆದಂತೆ ಹೆಚ್ಚುವುದಿಲ್ಲ. ಆದರೆ ಮಗು ಬೆಳೆಯುತ್ತದೆ. ಎಲುಬು ಬೆಳೆದಷ್ಟು ಬಿಗಿದ ಸ್ನಾಯು ಬೆಳೆಯದೆ ಹಿಮ್ಮಡಿ ಮೇಲೇಳುತ್ತದೆ, ಮೊಣಕಾಲು ಮಡಚಿಕೊಳ್ಳುತ್ತದೆ, ಸೊಂಟದ ಕೀಲು ಜಾರುತ್ತದೆ. ಚಲನೆಯ ನಿತ್ಯ ಅಭ್ಯಾಸ, ಸರಿಯಾಗಿ ಕೂರಿಸುವ ಕುರ್ಚಿ, ಅಳತೆಗೆ ತಕ್ಕ ಸ್ಪ್ಲಿಂಟ್, ಕೀಲುಗಳ ನಿಯಮಿತ ತಪಾಸಣೆ ಇದ್ದರೆ ಇದರಲ್ಲಿ ಎಷ್ಟನ್ನೋ ತಗ್ಗಿಸಬಹುದು. ಒಂದು ಭಾನುವಾರ ಎರಡು ಹನಿ ಹಾಕಿಸಿ ಮುಗಿಸುವ ಕೆಲಸ ಇದಲ್ಲ, ವರ್ಷಗಟ್ಟಲೆ ನಡೆಯಬೇಕು. ನಮ್ಮ ಆಡಳಿತಕ್ಕೆ ಅಭಿಯಾನ ನಡೆಸುವುದು ಗೊತ್ತು, ವಾರ ವಾರ ಬಿಡದೆ ಬರುವುದು ಗೊತ್ತಿಲ್ಲ.

ಕಾನೂನಿಗೆ ಕೊರತೆಯಿಲ್ಲ. 1999ರ ರಾಷ್ಟ್ರೀಯ ನ್ಯಾಸ ಕಾಯ್ದೆ ಈ ಮಕ್ಕಳನ್ನು ಹೆಸರಿಸಿಯೇ ರೂಪುಗೊಂಡದ್ದು. ತೀವ್ರ ಅಂಗವೈಕಲ್ಯವಿರುವವರು ಮನೆಯಲ್ಲಿಯೇ ಕಲಿಯುವ ಹಕ್ಕು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಿಂದ ಬಂತು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂಗನವಾಡಿಯಲ್ಲಿ ಮಕ್ಕಳನ್ನು ತಪಾಸಣೆ ಮಾಡಿ ಜಿಲ್ಲಾ ಕೇಂದ್ರಕ್ಕೆ ಕಳುಹಿಸುತ್ತದೆ. ತೊಡಕು ಇರುವುದು ಈ ‘ಕಳುಹಿಸುವ’ ಕ್ರಿಯಾಪದದಲ್ಲಿ.

2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆ ತಾಯಿಯ ಬಸ್ ಚಾರ್ಜನ್ನು ಉಳಿಸಿದೆ. ಆದರೆ ಬಾಗಲಕೋಟೆಗೆ ಹೋಗಿಬರುವ ದಿನದ ಕೂಲಿ ಹೋಗುತ್ತದೆ. ಹತ್ತು ವರ್ಷದ ಮಗುವನ್ನು ಹೊತ್ತು ಬಸ್ಸಿನ ಎತ್ತರದ ಮೆಟ್ಟಿಲೇರುವ ಶ್ರಮವಂತೂ ಯಾವ ಲೆಕ್ಕದಲ್ಲೂ ಸೇರಿಲ್ಲ. ಅಂಗವಿಕಲತೆಯ ಪ್ರಮಾಣಪತ್ರಕ್ಕೆ ಕೆಲವು ಸಲ ಅಲೆದರೆ ಮಾಸಾಶನ ಸಿಗುತ್ತದೆ. ಚಿಕಿತ್ಸೆಗೆ ವಾರ ವಾರ ಅಲೆದರೆ ಕೂಲಿ ಕಳೆಯುತ್ತದೆ, ಫಲ ಮಾತ್ರ ವರ್ಷಗಳ ಮೇಲೆ ಕಾಣುತ್ತದೆ. ಅರ್ಧಕ್ಕೆ ಚಿಕಿತ್ಸೆ ಬಿಟ್ಟವರನ್ನು ಅಜ್ಞಾನಿಗಳೆನ್ನುವ ಅಧಿಕಾರಿಗಳನ್ನು ನಾನು ಬಲ್ಲೆ. ಅರ್ಥಶಾಸ್ತ್ರ ಓದಿದ ನನಗೆ ಆ ತಾಯಿಯ ಲೆಕ್ಕ ಸರಿಯಾಗಿಯೇ ಕಾಣುತ್ತದೆ.

ಸಾವಿರ ಜನನಕ್ಕೆ ಇಂಥ ಎರಡು–ಮೂರು ಮಕ್ಕಳು ಎಂಬುದು ರೂಢಿಯ ಅಂದಾಜು. 2011ರ ಜನಗಣತಿಯಂತೆ ಸುಮಾರು 18.9 ಲಕ್ಷ ಜನರಿರುವ ಬಾಗಲಕೋಟೆ ಜಿಲ್ಲೆಯಲ್ಲಿ ವರ್ಷಕ್ಕೆ 30 ಸಾವಿರ ಜನನವೆಂದು ಹಿಡಿದರೂ 60ರಿಂದ 90 ಮಕ್ಕಳಾದರು. ಹಳ್ಳಿಗೆ ಒಂದೋ ಎರಡೋ ಆಗಿ ಚದುರಿರುವ ಈ ಮಕ್ಕಳಿಗೆ ಕುಳಗೇರಿ ಕ್ರಾಸ್‌ನಂಥ ಕೂಡುರಸ್ತೆಯೇ ಹತ್ತಿರದ ಊರು. ವಾರಕ್ಕೊಂದು ದಿನ ಒಬ್ಬ ಫಿಜಿಯೊಥೆರಪಿಸ್ಟ್ ಇಲ್ಲಿಗೆ ಬಂದು ತಾಯಿಗೂ ಅಜ್ಜಿಗೂ ಮಗುವನ್ನು ಎತ್ತುವ, ಕೂರಿಸುವ, ಆಡಿಸುವ ಕ್ರಮ ಕಲಿಸಿದರೆ ಉಳಿದ ಆರು ದಿನದ ಕೆಲಸ ಮನೆಯಲ್ಲಿಯೇ ಸಾಗುತ್ತದೆ. ಗ್ರಾಮ ಪಂಚಾಯಿತಿಗಳಲ್ಲಿ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಶಿಕ್ಷಣ ಇಲಾಖೆಯಲ್ಲಿ ಇಂಥ ಮಕ್ಕಳಿಗಾಗಿಯೇ ಸಂಪನ್ಮೂಲ ಶಿಕ್ಷಕರಿದ್ದಾರೆ. ಮೂರು ಇಲಾಖೆಗಳವರನ್ನು ಒಂದೇ ದಿನ ಒಂದೇ ಕೊಠಡಿಗೆ ಕರೆತರಲು ಜಿಲ್ಲಾ ಪಂಚಾಯಿತಿಯ ಒಂದು ಸುತ್ತೋಲೆ ಸಾಕು. ಆ ದಿನ ಯಾವುದಾಗಬೇಕೆಂಬುದನ್ನು ಮಾತ್ರ ತಾಯಂದಿರನ್ನು ಕೇಳಿ ಗೊತ್ತುಪಡಿಸಲಿ. ಸಂತೆಗೆಂದು ಹೇಗೂ ಮನೆಯಿಂದ ಹೊರಡುವ ದಿನವಾದರೆ ಅವರಿಗೆ ಅನುಕೂಲವಾದೀತು.